ಅಂಕಿತವಿಲ್ಲದ ಗ್ರಂಥ

ಹುಲಗೂರಿನ ದರ್ಗಾದ ಹತ್ತಿರ ಒಂದು ಸಂಜೆ ಇಬ್ಬರು ಹಿರಿಯರು ಷರೀಫಜ್ಜನ ಒಂದು ಪದದ ಬಗ್ಗೆ ಜಗಳಕ್ಕೆ ನಿಂತಿದ್ದರು. ಇಬ್ಬರೂ ಭಜನಾ ಮೇಳದವರು. ಒಬ್ಬರು ಹೇಳಿದರು: "ಆ ಮೂರನೇ ನುಡಿ ಅಜ್ಜಂದಲ್ಲ. ಆಮ್ಯಾಲೆ ಯಾರೋ ಕೂಡಿಸ್ಯಾರ. ಅದರಾಗಿನ ಮಾತಿನ ನಡಿಗೀನ ಬ್ಯಾರೆ ಐತಿ." ಇನ್ನೊಬ್ಬರು ಬಿಡಲಿಲ್ಲ: "ಕಡೀಗೆ ಶಿಶುನಾಳಧೀಶ ಅಂತ ಐತೆಲ್ಲ, ಮತ್ಯಾರದು?"

ಹುಲಗೂರಿನವರಿಗೆ ಈ ಜಗಳ ಮಾಡುವ ಹಕ್ಕಿದೆ. ಶಿಶುನಾಳದ ಇಮಾಮಸಾಹೇಬ ಮತ್ತು ಹಜ್ಜೂಮಾ ದಂಪತಿಗೆ ಬಹುಕಾಲ ಮಕ್ಕಳಾಗದೆ, ಹುಲಗೂರಿನ ಸಂತ ಖಾದ್ರಿಯವರ ಆಶೀರ್ವಾದದಿಂದ 1819ರಲ್ಲಿ ಮಗ ಹುಟ್ಟಿದ ಎಂದು ಈ ಸೀಮೆಯಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಗನೇ ಷರೀಫಜ್ಜ. ಕಳಸದ ಗೋವಿಂದಭಟ್ಟರ ಶಿಷ್ಯನಾದ, ಪದ ಕಟ್ಟಿದ, 1889ರಲ್ಲಿ ತೀರಿಕೊಂಡ. ಪದಗಳು ಬಾಯಿಂದ ಬಾಯಿಗೆ, ವಹಿಯಿಂದ ವಹಿಗೆ ನಡೆದವು. ಅಚ್ಚಾದದ್ದು ಆಮೇಲೆ, ಗಾಯಕ ಸಿ. ಅಶ್ವತ್ಥರ ದನಿಯಲ್ಲಿ ಬೆಂಗಳೂರಿನವರ ಮನೆ ಸೇರಿದ್ದು ಅದಕ್ಕೂ ಬಹಳ ಆಮೇಲೆ.

ನಾನು ಇಬ್ಬರ ಪರವನ್ನೂ ವಹಿಸಲಿಲ್ಲ. ಅವರ ಮಾತು ಕೇಳುತ್ತ ನನ್ನ ಮನಸ್ಸು ಮೋಶೆಯ ಕಡೆ ಹೋಗಿತ್ತು. ಇದೇ ಜಗಳವನ್ನು ಯೆಹೂದ್ಯರ ಪಂಡಿತರು, ಆಮೇಲೆ ಕ್ರೈಸ್ತ ಪಂಡಿತರು ನೂರಾರು ವರ್ಷ ಮಾಡಿದ್ದಾರೆ. ಸತ್ಯವೇದದ ಮೊದಲ ಐದು ಕಾಂಡಗಳನ್ನು ಬರೆದವನು ಮೋಶೆ ಎಂಬುದು ಹಳೆಯ ನಂಬಿಕೆ. ಆದರೆ ಐದನೆಯದರ, ಧರ್ಮೋಪದೇಶಕಾಂಡದ, ಕೊನೆಯ ಅಧ್ಯಾಯದಲ್ಲಿ ಮೋಶೆ ಸಾಯುತ್ತಾನೆ. ಅವನ ಸಮಾಧಿ ಎಲ್ಲಿದೆಯೆಂದು ಇಂದಿನವರೆಗೂ ಯಾರಿಗೂ ಗೊತ್ತಿಲ್ಲ ಎಂದೂ ಅಲ್ಲಿದೆ. ಸತ್ತವನು ತನ್ನ ಸಾವನ್ನು ಬರೆಯುವುದು ಹೇಗೆ? ಈ ತೊಡಕು ಯೆಹೂದ್ಯರ ತಾಲ್ಮೂದಿನ ಗುರುಗಳಿಗೂ ಕಂಡಿತ್ತು. ಕೊನೆಯ ಎಂಟು ವಚನ ಯೆಹೋಶುವ ಬರೆದದ್ದು ಎಂಬ ಮಾತು ಅಲ್ಲಿ ದಾಖಲಾಗಿದೆ. ಹನ್ನೆರಡನೆಯ ಶತಮಾನದ ಇಬ್ನ್ ಎಜ್ರಾ ಇಂಥ ಇನ್ನೂ ಕೆಲವು ಜಾಗಗಳನ್ನು ಒಗಟಿನಂತೆ ಸೂಚಿಸಿ, ಅರಿತವನು ಸುಮ್ಮನಿರಲಿ ಎಂದ. 1670ರಲ್ಲಿ ತತ್ವಜ್ಞಾನಿ ಸ್ಪಿನೋಜಾ ಸುಮ್ಮನಿರಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ನೋಹನ ಪ್ರಳಯ. ಕನ್ನಡ ಸತ್ಯವೇದ ಇರುವ ಯಾರಾದರೂ ಇದನ್ನು ಮನೆಯಲ್ಲೇ ಕೂತು ನೋಡಬಹುದು, ಹೀಬ್ರೂ ಬೇಕಿಲ್ಲ. ಆದಿಕಾಂಡದ ಆರನೇ ಅಧ್ಯಾಯದಲ್ಲಿ ಪ್ರತಿ ಜಾತಿಯ ಪ್ರಾಣಿಯಲ್ಲಿ ಎರಡೆರಡನ್ನು ನಾವೆಗೆ ಹತ್ತಿಸಬೇಕು. ಏಳನೆಯದಕ್ಕೆ ಬಂದರೆ ಶುದ್ಧ ಪ್ರಾಣಿಗಳಲ್ಲಿ ಏಳೇಳು. ಒಂದು ಕಡೆ ನಲವತ್ತು ದಿನದ ಮಳೆ, ಇನ್ನೊಂದು ಕಡೆ ನೂರೈವತ್ತು ದಿನ ಇಳಿಯದ ನೀರು. ಕೆಲವು ವಾಕ್ಯಗಳಲ್ಲಿ 'ದೇವರು' ಎಂದಿದೆ, ಕೆಲವದರಲ್ಲಿ 'ಯೆಹೋವ'. ಒಂದು ಹೆಸರಿನ ವಾಕ್ಯಗಳನ್ನೆಲ್ಲ ಒಂದು ಕಡೆ, ಇನ್ನೊಂದರವನ್ನು ಇನ್ನೊಂದು ಕಡೆ ತೆಗೆದಿಟ್ಟರೆ ಎರಡು ಕಥೆಗಳು ಬಹುಪಾಲು ಪೂರ್ತಿಯಾಗಿ ಬಿಚ್ಚಿಕೊಳ್ಳುತ್ತವೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕುವಂತೆ ಯಾರೋ ಅವೆರಡನ್ನೂ ಕೂಡಿಸಿದ್ದಾರೆ. ಕೊಂಡಿ ಕಾಣುತ್ತದೆ, ಹರಿಯುವುದಿಲ್ಲ.

ದೇವರ ಹೆಸರಿನ ಈ ಸುಳಿವನ್ನು ಹಿಡಿದು 1753ರಲ್ಲಿ ಲೇಖಕನ ಹೆಸರಿಲ್ಲದ ಒಂದು ಪುಸ್ತಕ ಹೊರಟಿತು. ಬರೆದವನು ಫ್ರಾನ್ಸಿನ ವೈದ್ಯ ಜಾನ್ ಆಸ್ಟ್ರಕ್. ಮೋಶೆಯೇ ಹಳೆಯ ಮೂಲಗಳನ್ನು ಜೋಡಿಸಿದ ಎಂಬುದು ಅವನ ವಾದ. ಮೋಶೆಯನ್ನು ಕಾಪಾಡಲೆಂದೇ ಅವನು ಹೊರಟಿದ್ದ. ನೂರಿಪ್ಪತ್ತೈದು ವರ್ಷದ ಮೇಲೆ, 1878ರಲ್ಲಿ, ಜರ್ಮನಿಯ ಯೂಲಿಯುಸ್ ವೆಲ್‌ಹೌಸೆನ್ ಈ ಎಳೆಗಳನ್ನು ನಾಲ್ಕು ಮೂಲಗಳ ಒಂದು ಇತಿಹಾಸವಾಗಿ ಹೆಣೆದ. ಯೆಹೋವ ಎನ್ನುವದು ಒಂದು, ಎಲೋಹಿಮ್ ಎನ್ನುವದು ಒಂದು, ಧರ್ಮೋಪದೇಶದ್ದು ಒಂದು, ಯಾಜಕರದ್ದು ಒಂದು. ಧರ್ಮೋಪದೇಶದ ಎಳೆಯನ್ನು ಯೋಷೀಯ ಅರಸನ ಕಾಲಕ್ಕೆ, ಅಂದರೆ ಕ್ರಿಸ್ತಪೂರ್ವ 622ರ ಸುಮಾರಿಗೆ ಕಟ್ಟುತ್ತಾರೆ. ಆಗ ಯೆರೂಸಲೇಮಿನ ದೇವಾಲಯದಲ್ಲಿ ಮಹಾಯಾಜಕ ಹಿಲ್ಕೀಯನಿಗೆ ಧರ್ಮಶಾಸ್ತ್ರದ ಗ್ರಂಥವೊಂದು ಸಿಕ್ಕಿತೆಂದು ಸತ್ಯವೇದವೇ ಹೇಳುತ್ತದೆ. ನಾಲ್ಕರ ಲೆಕ್ಕವನ್ನು ಇಂದಿನ ಪಂಡಿತರು ಎಲ್ಲರೂ ಒಪ್ಪುವುದಿಲ್ಲ. ಬಿಡಿ ತುಣುಕುಗಳು ಕೂಡಿಕೊಂಡವು ಎನ್ನುವವರಿದ್ದಾರೆ, ಒಂದೇ ಹುರಿಗೆ ಕಾಲಕಾಲಕ್ಕೆ ಎಳೆ ಸೇರಿತು ಎನ್ನುವವರೂ ಇದ್ದಾರೆ. ಹಲವು ಕೈಗಳ ಕೆಲಸ ಎಂಬಲ್ಲಿ ಮಾತ್ರ ಅವರೆಲ್ಲ ಒಂದಾಗುತ್ತಾರೆ.

ಇದನ್ನು ಓದಿದಾಗಲೆಲ್ಲ ನನಗೆ ಶೂನ್ಯಸಂಪಾದನೆಯ ನೆನಪು. ಶಿವಗಣಪ್ರಸಾದಿ ಮಹಾದೇವಯ್ಯ ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಸಂವಾದವಾಗಿ ಜೋಡಿಸಿದ. ಅವನ ಬೆನ್ನಿಗೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗ, ಗೂಳೂರ ಸಿದ್ಧವೀರಣ್ಣ ಮತ್ತೆ ಮತ್ತೆ ಜೋಡಿಸಿದರು. ಶರಣ ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೆ ಎಂಬಲ್ಲಿಯೇ ಇವರ ದಾರಿ ಬೇರೆ. ನಮ್ಮ ಪುಣ್ಯಕ್ಕೆ ನಾಲ್ಕೂ ನಾಲ್ಕಾಗಿಯೇ ಉಳಿದವು, ಎದುರುಬದುರು ಇಟ್ಟು ಓದಬಹುದು. ಯೆರೂಸಲೇಮಿನವರಿಗೆ ಆ ಭಾಗ್ಯ ಸಿಗಲಿಲ್ಲ. ಅವರ ಓಲೆಗಳು ಒಂದರೊಳಗೊಂದು ಹೊಲಿದುಹೋದವು.

ಇನ್ನೊಂದು ವ್ಯತ್ಯಾಸ ಅಂಕಿತದ್ದು. ಇಲ್ಲೇ ಬಾಡದಲ್ಲಿ ಹುಟ್ಟಿದ ಕನಕದಾಸರ ಹಾಡಿನ ಕೊನೆಗೆ ಕಾಗಿನೆಲೆಯ ಆದಿಕೇಶವ ಇದ್ದಾನೆ, ಅಲ್ಲಮನಿಗೆ ಗುಹೇಶ್ವರ ಇದ್ದಾನೆ. ಆದಿಕಾಂಡಕ್ಕೆ ಅಂಥ ಒಳಮುದ್ರೆ ಇಲ್ಲ. ಬರೆದವನ ಹೆಸರನ್ನು ಓದಿದವರು ಹೊರಗಿನಿಂದ ಕೊಟ್ಟರು. ಹಾಗೆಂದು ಅಂಕಿತವಿದ್ದರೆ ಮಾತು ಮುಗಿಯಿತೆ? ಹಿರೇಕೆರೂರು ಸೀಮೆಯ ಸರ್ವಜ್ಞನನ್ನೇ ಕೇಳಬೇಕು. ತ್ರಿಪದಿ ಕಟ್ಟಬಲ್ಲ ಯಾರು ಬೇಕಾದರೂ ಕೊನೆಗೆ ಅವನ ಹೆಸರು ಇಡಬಹುದಿತ್ತು, ಇಟ್ಟರು ಕೂಡ. ಆ ರಾಶಿಯೊಳಗೆ ಇಳಿದವರು ಉತ್ತಂಗಿ ಚೆನ್ನಪ್ಪನವರು. 1881ರಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಪಾದ್ರಿ. ಸತ್ಯವೇದ ಕೈಯಲ್ಲಿ ಹಿಡಿದ ಮನುಷ್ಯ ಊರೂರು ತಿರುಗಿ, ಓಲೆಗರಿ ಕೂಡಿಸಿ, ಪಾಠ ಹೋಲಿಸಿ, 1924ರಲ್ಲಿ ಸರ್ವಜ್ಞನ ವಚನಗಳ ದೊಡ್ಡ ಸಂಗ್ರಹವನ್ನು ಹೊರತಂದರು. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇದು ಯಾರದು, ಇದು ಯಾರದಲ್ಲ ಎಂದು ಪದವೊಂದರ ಮುಂದೆ ರಾತ್ರಿಯೆಲ್ಲ ಕೂಡುವುದು ಅಶ್ರದ್ಧೆ ಎನ್ನುವವರಿಗೆ ನಾನು ಚೆನ್ನಪ್ಪನವರನ್ನು ತೋರಿಸುತ್ತೇನೆ. ಪ್ರೀತಿ ಇಲ್ಲದವನು ಅಷ್ಟು ಹೊತ್ತು ಕೂಡಲಾರ.

ನೋಹನ ಕಥೆ ಹೊಲಿದವನನ್ನೂ ನಾನು ಹಾಗೇ ಕಾಣುತ್ತೇನೆ. ಎರಡೋ ಏಳೋ ಎಂದು ಒಂದನ್ನು ಅಳಿಸುವುದು ಅವನಿಗೆ ಕಷ್ಟವಿರಲಿಲ್ಲ, ಒಂದು ಗೀಟಿನ ಕೆಲಸ. ಅಳಿಸಲಿಲ್ಲ. ಎರಡೂ ಅವನಿಗೆ ಹಿರಿಯರಿಂದ ಬಂದ ಮಾತು.

ಹುಲಗೂರಿನ ಆ ಸಂಜೆ ಜಗಳ ಹರಿಯಲಿಲ್ಲ. ಮೂರನೇ ನುಡಿ ಬೇಡವೆಂದ ಹಿರಿಯರೇ ಚೀಲದಿಂದ ತಮ್ಮ ಮನೆತನದ ವಹಿ ತೆಗೆದು ನನ್ನ ಕೈಗಿಟ್ಟರು. ರಟ್ಟು ಕಿತ್ತಿತ್ತು, ಎಣ್ಣೆಯ ವಾಸನೆ. ಮೊದಲ ಹಾಳೆಗಳಲ್ಲಿ ಅವರ ಮುತ್ಯಾನ ಮೋಡಿ ತಿರುವಿನ ಅಕ್ಷರ, ನಡುವೆ ತಂದೆಯದು, ಕಡೆಗೆ ಅವರದೇ ನೀಲಿ ಪೆನ್ನು. ಜಗಳದ ಪದ ಹುಡುಕಿದೆ. ಮುತ್ಯಾನ ಕೈಯಲ್ಲಿ ಎರಡೇ ನುಡಿ ಇದ್ದವು. ಮೂರನೆಯದು ಅಂಚಿನಲ್ಲಿ, ಅಡ್ಡಕ್ಕೆ, ನಾಲ್ಕನೆಯ ಯಾವುದೋ ಕೈಯಲ್ಲಿತ್ತು. ಮನೆಯಲ್ಲಿ ಯಾರ ಅಕ್ಷರವೂ ಹಾಗಿಲ್ಲವಂತೆ.

"ಮತ್ತ ಇದನ್ನ ಯಾಕ ಹರದು ಒಗೀಲಿಲ್ರಿ?" ಅಂದೆ.

"ಹೆಂಗ ಒಗೀಲಿ? ನಮ್ಮಪ್ಪ ಇದನ್ನ ಹಾಡತಿದ್ದ."

ಹಾಡಿ ತೋರಿಸಿ ಎಂದು ಕೇಳಿಕೊಂಡೆ. ತಾಳ ತೆಗೆದರು. ಎದುರು ವಾದಿಸಿದವರು ದಮ್ಮಡಿ ಹಿಡಿದರು. ಮೂರು ನುಡಿಯನ್ನೂ ಹಾಡಿದರು.