ಉಪ್ಪಿನ ಕಡಲಲ್ಲಿ ಸಪ್ಪೆ ಮೀನು



ಕಳೆದ ತಪಸ್ಸುಕಾಲದ ಒಂದು ಶುಕ್ರವಾರ ನಮ್ಮ ಮನೆಯಲ್ಲಿ ಬಂಗುಡೆ ಸಾರು. ಅಂದು ಸಾರಿಗೆ ಉಪ್ಪು ಹಾಕಲು ನನ್ನ ಮಡದಿ ಮರೆತಿದ್ದಳು. ಮೊದಲ ತುತ್ತಿಗೇ ಮೊಮ್ಮಗ ಕೇಳಿದ: "ಅಜ್ಜ, ಹುಟ್ಟಿದಂದಿನಿಂದ ಉಪ್ಪುನೀರಿನಲ್ಲೇ ಇದ್ದ ಮೀನು ಇಷ್ಟು ಸಪ್ಪೆ ಹೇಗೆ?" ಬಹುಕಾಲ ಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಉತ್ತರ ತಿಳಿದಿತ್ತು. ಆದರೆ ಹೇಳುತ್ತಾ ಹೋದಂತೆ ನನ್ನದೇ ಒಂದು ಹಳೆಯ ತಪ್ಪು ಕಣ್ಣೆದುರು ಬಂದು ನಿಂತಿತು.

ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಬಂಗುಡೆ, ಬೂತಾಯಿಯಂತಹ ಮೀನುಗಳ ರಕ್ತದಲ್ಲಿ ಅದರ ಮೂರನೆಯ ಒಂದು ಭಾಗದಷ್ಟು ಮಾತ್ರ. ಲವಣ ಹೆಚ್ಚಿರುವ ಕಡೆಗೆ ನೀರು ಹರಿಯುವುದು ಪ್ರಕೃತಿಯ ನಿಯಮ. ಉಪ್ಪು ಬೆರೆಸಿಟ್ಟ ಮಾವಿನ ಮಿಡಿ ನೀರುಬಿಟ್ಟು ಸುಕ್ಕುಗಟ್ಟುವುದನ್ನು ನೀವು ಕಂಡಿದ್ದೀರಿ. ಮೀನಿನ ಕಿವಿರುಗಳ ಮೂಲಕವೂ ದೇಹದ ನೀರು ಹೀಗೆಯೇ ಎಡೆಬಿಡದೆ ಹೊರಹೋಗುತ್ತದೆ. ಸುತ್ತಲೂ ನೀರಿದ್ದರೂ ಒಣಗಿ ಸಾಯುವ ಅಪಾಯ ಅದಕ್ಕೆ!

ಇದಕ್ಕೆ ಮೀನಿನ ಪರಿಹಾರ ಬಾಯಿ ಮುಚ್ಚಿಕೊಳ್ಳುವುದಲ್ಲ. ಅದು ಕಡಲನ್ನೇ ಕುಡಿಯುತ್ತದೆ. ಅಮೆರಿಕದ ವಿಜ್ಞಾನಿ ಹೋಮರ್ ಸ್ಮಿತ್ 1930ರಲ್ಲಿ ಇದನ್ನು ತೋರಿಸಿಕೊಟ್ಟರು. ನೀರಿನೊಡನೆ ಒಳಬಂದ ಉಪ್ಪನ್ನು ಕಿವಿರುಗಳಲ್ಲಿರುವ ವಿಶೇಷ ಜೀವಕೋಶಗಳು ಹೊರದೂಡುತ್ತವೆ. 1932ರಲ್ಲಿ ಆನ್ಸೆಲ್ ಕೀಸ್ ಮತ್ತು ಎಡ್ವರ್ಡ್ ವಿಲ್ಮರ್ ಈ ಕೋಶಗಳನ್ನು ವಿವರಿಸಿದರು. ಈ ಕೆಲಸಕ್ಕೆ ಶಕ್ತಿ ವ್ಯಯವಾಗುತ್ತದೆ. ಜೀವವಿರುವ ತನಕ ಬಿಡುವಿಲ್ಲ.

ಸಿಹಿನೀರಿನ ಕಾಟ್ಲಾ, ರೋಹುಗಳ ಪಾಡು ಇದಕ್ಕೆ ತದ್ವಿರುದ್ಧ. ಅಲ್ಲಿ ನೀರು ತಾನಾಗಿಯೇ ದೇಹದೊಳಗೆ ನುಗ್ಗುತ್ತದೆ, ಲವಣ ಸೋರಿಹೋಗುತ್ತದೆ. ಆದ್ದರಿಂದ ಅವು ನೀರನ್ನು ಕುಡಿಯುವುದೇ ಅಪರೂಪ. ಹೆಚ್ಚಾದ ನೀರನ್ನು ಮೂತ್ರವಾಗಿ ಹೊರಹಾಕಿ, ಅಗತ್ಯವಾದ ಲವಣವನ್ನು ಆಹಾರದಿಂದಲೂ ಕಿವಿರುಗಳಿಂದಲೂ ಪಡೆಯುತ್ತವೆ. ಕಡಲಲ್ಲಿ ಒಣಗುವ ಭಯ, ಕೆರೆಯಲ್ಲಿ ಉಬ್ಬಿಹೋಗುವ ಭಯ!

ಇನ್ನು ನನ್ನ ತಪ್ಪಿನ ಮಾತು. 1996ರಲ್ಲಿ ಮಗ ಉದ್ಯೋಗಕ್ಕಾಗಿ ಕೊಲ್ಲಿ ರಾಷ್ಟ್ರಕ್ಕೆ ಹೊರಟಾಗ ನಾನು ಕೊಟ್ಟ ಬುದ್ಧಿಮಾತು ಒಂದೇ: "ಯಾರೊಂದಿಗೂ ಬೆರೆಯಬೇಡ." ಅವನು ವಿಧೇಯ. ಮೊದಲು ನಾಲ್ಕು ಪುಟಗಳಷ್ಟಿದ್ದ ಪತ್ರ ವರ್ಷ ತುಂಬುವಷ್ಟರಲ್ಲಿ ನಾಲ್ಕು ಸಾಲಿಗಿಳಿಯಿತು. ಒಂದು ರಾತ್ರಿ ಫೋನಿನಲ್ಲಿ ಹೇಳಿದ: "ಅಪ್ಪಾ, ನೀವು ಹೇಳಿದ ಹಾಗೆಯೇ ಇದ್ದೇನೆ. ಕೆಲಸ, ಕೋಣೆ, ಅಷ್ಟೆ. ಮಾತನಾಡಲು ಒಬ್ಬರೂ ಇಲ್ಲ." ಮುಂದೆ ಮಾತು ಬರಲಿಲ್ಲ, ಅಳು ಮಾತ್ರ ಕೇಳಿಸಿತು.

ಅವನು ಕೆಟ್ಟಿರಲಿಲ್ಲ, ಒಣಗಿದ್ದ. ಕೆಡುಕಿಗೆ ಹೆದರಿ ನಾನು ಅವನ ಬಾಯಿಯನ್ನೇ ಹೊಲಿದಿದ್ದೆ. ಉಪ್ಪನ್ನು ಹೊರದೂಡುವ ಬಗೆಯನ್ನಾಗಲಿ, ಪ್ರತಿರಾತ್ರಿ ಅಂತಃಕರಣವನ್ನು ಪರೀಕ್ಷಿಸಿಕೊಳ್ಳುವ ಅಭ್ಯಾಸವನ್ನಾಗಲಿ ಕಲಿಸಿರಲಿಲ್ಲ. ಮುಂದೆ ಕೋಣೆಯ ಸಂಗಡಿಗರೊಂದಿಗೆ ಒಂದೇ ತಟ್ಟೆಯಲ್ಲಿ ಉಂಡು, ಶುಕ್ರವಾರಗಳಂದು ಬಲಿಪೂಜೆಗೆ ಹೋಗತೊಡಗಿದ ಮೇಲೆಯೇ ಅವನು ಚೇತರಿಸಿಕೊಂಡದ್ದು. ಯೊವಾನ್ನರ ಶುಭಸಂದೇಶದ ಹದಿನೇಳನೆಯ ಅಧ್ಯಾಯವನ್ನು ಓದಿ ನೋಡಿ. ಯೇಸುಸ್ವಾಮಿ ತಮ್ಮ ಶಿಷ್ಯರನ್ನು ಲೋಕದಿಂದ ಬೇರೆ ಒಯ್ಯಬೇಕೆಂದು ಬೇಡಲಿಲ್ಲ. ಕೇಡಿನಿಂದ ಕಾಪಾಡಬೇಕೆಂದಷ್ಟೇ ಬೇಡಿದರು. ನಾನಾದರೋ ಅದಕ್ಕೆ ವಿರುದ್ಧವಾದುದನ್ನು ಬೇಡಿದ್ದೆ.

ನದಿಯಲ್ಲಿ ಹುಟ್ಟುವ ಸಾಲ್ಮನ್ ಮೀನು ಬೆಳೆದು ಕಡಲಿಗಿಳಿಯುತ್ತದೆ. ಕಡಲು ಸೇರುವ ಮುನ್ನವೇ, ಇನ್ನೂ ನದಿಯಲ್ಲಿರುವಾಗಲೇ, ಉಪ್ಪನ್ನು ಹೊರದೂಡುವ ಶಕ್ತಿ ಅದರ ಕಿವಿರುಗಳಲ್ಲಿ ಬೆಳೆಯತೊಡಗುತ್ತದೆ. ತಾಯಿತಂದೆಯರೇ, ಆ ನದಿ ನಮ್ಮ ಮನೆಯಲ್ಲವೇ? ಸಂಜೆಯ ಪ್ರಾರ್ಥನೆ, ತಪ್ಪಾದಾಗ ಕ್ಷಮೆ ಕೇಳುವ ರೂಢಿ, ಪಾಪನಿವೇದನೆ ಇವೆಲ್ಲ ಮಕ್ಕಳು ಕಡಲು ಸೇರಿದ ಮೇಲೆ ಅಂಚೆಯಲ್ಲಿ ಕಳುಹಿಸಬಹುದಾದ ವಸ್ತುಗಳಲ್ಲ.

ಮೊಮ್ಮಗ ಈ ವರ್ಷ ಓದಲು ಬೆಂಗಳೂರಿಗೆ ಹೊರಟಿದ್ದಾನೆ. "ಎಲ್ಲರೊಂದಿಗೂ ಬೆರೆ, ಮಗೂ. ಆದರೆ ಮಲಗುವ ಮುನ್ನ ದೇವರ ಮುಂದೆ ಕುಳಿತು ದಿನದ ಉಪ್ಪನ್ನು ಹೊರಹಾಕು" ಎಂದೆ. ಅವನು ನಕ್ಕು, "ಸಪ್ಪೆಯಾದರೆ?" ಎಂದ. "ಆಗ ಮನೆಗೆ ಬಾ, ಅಜ್ಜಿ ಉಪ್ಪು ಹಾಕುತ್ತಾಳೆ" ಎಂದಳು ನನ್ನ ಮಡದಿ.