ಸಹಾಯಾರ್ಥ ಆಟದ ಟಿಕೆಟ್

ಸಾಗರದಿಂದ ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗುವವರಿಗೆ, ಅಡಿಕೆ ಕೊಯ್ಲು ಮುಗಿದ ದಿನಗಳಲ್ಲಿ, ಪೇಟೆಯ ಗೋಡೆಗಳ ಮೇಲೆ ಯಕ್ಷಗಾನದ ಭಿತ್ತಿಪತ್ರಗಳು ಕಾಣುತ್ತವೆ. ಕೆಲವುಗಳಲ್ಲಿ ‘ಸಹಾಯಾರ್ಥ’ ಎಂದಿರುತ್ತದೆ.

ಇದು ಬಡಗುತಿಟ್ಟಿನ ನಾಡು. ಸಾಲಿಗ್ರಾಮ, ಪೆರ್ಡೂರು ಮೇಳಗಳೂ ಘಟ್ಟ ಹತ್ತಿ ಬರುತ್ತವೆ. ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟಕ್ಕೆ ಹೊರಡುವ ಮೇಳಗಳು ಮುಂಗಾರಿಗೆ ಮುನ್ನ ಗೆಜ್ಜೆ ಬಿಚ್ಚುತ್ತವೆ. ಮಳೆಗಾಲದಲ್ಲಿ ಬಯಲಾಟವಿಲ್ಲ, ಕಲಾವಿದನ ಮನೆಯ ಒಲೆ ಮಾತ್ರ ಉರಿಯಲೇಬೇಕು. ಅದಕ್ಕಾಗಿ ಊರವರು ಸೇರಿ ಆಟ ಆಡಿಸುತ್ತಾರೆ. ಭಾಗವತರು, ಮದ್ದಲೆ-ಚಂಡೆಯವರು, ವೇಷಧಾರಿಗಳು, ಒಂದು ಟಿಕೆಟಿನ ಹಣ ಇಷ್ಟು ಕೈಗಳಿಗೆ ಹಂಚಿಹೋಗುತ್ತದೆ.

ಆಟಕ್ಕೆ ಮುಂಚೆ ಮಕ್ಕಳು ಚೌಕಿ ನೋಡಬೇಕು. ಹಗುರ ಮರದ ಆಭರಣಗಳ ಬೇಗಡೆ, ಕನ್ನಡಿ ಚೂರುಗಳು ಹಿಂದೆ ದೊಂದಿಯ ಮಂದ ಬೆಳಕನ್ನೂ ಸಭೆಗೆ ಚಿಮ್ಮಿಸುತ್ತಿದ್ದವು. ಪ್ರತಿಫಲನದ ಪಾಠ ಅಲ್ಲೇ ಇದೆ. ಪಾಲಕರು ಮಾತ್ರ ಉಚಿತ ಪಾಸ್ ಕೇಳದೆ, ಟಿಕೆಟ್ ಕೊಂಡೇ ಒಳಗೆ ಹೋಗಲಿ.