ಎಲ್ಲರಿಗೂ ಸೇರಿದ ಪೇಪರು

ನಾನು ಮೈಸೂರಿನಲ್ಲಿ ಬಿ.ಎಸ್ಸಿ. ಓದಿದ್ದು ಎಪ್ಪತ್ತರ ದಶಕದಲ್ಲಿ. ಯಾವ ವಿಷಯ ಓದುವವರಿಗೂ ‘ಜನರಲ್ ಎಜುಕೇಷನ್’ ಬೇಕೆಂದು ರಾಧಾಕೃಷ್ಣನ್ ಆಯೋಗ 1949ರಲ್ಲೇ ಹೇಳಿತ್ತಾದರೂ ನಮ್ಮ ಪಾಲಿಗೆ ಬಂದಿದ್ದು ಮೊದಲ ಎರಡು ವರ್ಷದ ಇಂಗ್ಲಿಷು, ಕನ್ನಡ ಅಷ್ಟೇ. ಕೊಳೆತ ಮೊಟ್ಟೆಯ ನಾತ ಬಡಿಯುತ್ತಿದ್ದ ಕೆಮಿಸ್ಟ್ರಿ ಲ್ಯಾಬಿನಿಂದ ಎದ್ದು ನೇರ ಕನ್ನಡ ಕ್ಲಾಸಿಗೆ ಓಡುತ್ತಿದ್ದೆವು. ಸೀನಿಯರ್ ಒಬ್ಬರಿಂದ ಹಳೆಯ ಪಠ್ಯವನ್ನು 1 ರೂಪಾಯಿ 50 ಪೈಸೆಗೆ ಕೊಂಡಿದ್ದೆ. ಆ ದುಡ್ಡಿಗೆ ಮೂರು ಮಸಾಲೆ ದೋಸೆ ಬರುತ್ತಿತ್ತು.

ಒಮ್ಮೆ ಕರ್ಣನ ಪ್ರಸಂಗ ನಡೆಯುತ್ತಿದ್ದಾಗ, ‘ಅವನ ಕವಚ ಯಾವ ಲೋಹದ್ದು ಸಾರ್?’ ಎಂದು ಎದ್ದು ನಿಂತು ಕೇಳಿದೆ. ವಿಜ್ಞಾನದ ಹುರುಪು ನೆತ್ತಿಗೇರಿದ್ದ ವಯಸ್ಸು. ಮೇಷ್ಟರು ಗದರಲಿಲ್ಲ. ಹಳ್ಳಿಗಳಲ್ಲಿ ಕಬ್ಬಿಣ ಹೇಗೆ ಕರಗಿಸುತ್ತಿದ್ದರು, ಕುಲುಮೆ, ತಿದಿ, ಇದ್ದಿಲು ಎಂದು ಗಂಟೆ ಹೊಡೆಯುವವರೆಗೂ ಹೇಳಿದರು. ಪರೀಕ್ಷೆಗೆ ಅದರಲ್ಲಿ ಒಂದಕ್ಷರವೂ ಬರಲಿಲ್ಲ. ನನ್ನ ಕಾಲೇಜು ದಿನಗಳಲ್ಲಿ ಇವತ್ತಿಗೂ ಅಚ್ಚಳಿಯದೆ ನಿಂತಿರುವುದು ಆ ಪೀರಿಯಡ್ಡೇ.

ಮನೆಯಲ್ಲಿ ಅಪ್ಪ ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸ ಮಾಲೆಯ ಪುಸ್ತಿಕೆಗಳನ್ನು ನಾಗಂದಿಗೆಯ ಮೇಲೆ ಜೋಡಿಸಿಟ್ಟಿದ್ದರು. ತೆಗೆದರೆ ನುಸಿಗುಳಿಗೆ ವಾಸನೆ. ಹಳೆಯವುಗಳ ಬೆಲೆ ಆಣೆಯ ಲೆಕ್ಕದಲ್ಲಿತ್ತು. ಅಧ್ಯಾಪಕರು ಊರೂರಿಗೆ ಹೋಗಿ ಜನರೆದುರು ಕನ್ನಡದಲ್ಲಿ ಮಾಡಿದ ಭಾಷಣಗಳು ಹಾಗೆ ಅಚ್ಚಾಗುತ್ತಿದ್ದವು. ಓದು ಬಿಟ್ಟವರಿಗೂ ವಿಜ್ಞಾನ, ಆರೋಗ್ಯ, ಚರಿತ್ರೆ ತಿಳಿಯಲಿ ಎಂಬ ಕಾಳಜಿ ಅದು.

ಮುಂದೆ ನಾನೇ ಮೇಷ್ಟ್ರಾಗಿ, ಬೇರೊಂದು ವಿಶ್ವವಿದ್ಯಾಲಯದ ಪಠ್ಯಪರಿಷ್ಕರಣೆ ಸಭೆಗಳಲ್ಲಿ ಕೂತೆ. ಸೈಕ್ಲೋಸ್ಟೈಲ್ ಮಾಡಿದ ಕರಡು ಪ್ರತಿಗಳ ಮಸಿ ಬೆರಳಿಗೆ ಅಂಟುತ್ತಿತ್ತು. ಎಲ್ಲ ವಿದ್ಯಾರ್ಥಿಗಳಿಗೂ ಸಾಮಾನ್ಯವಾದ ಸಂವಿಧಾನದ ಪೇಪರಿಗೆ ವಾರಕ್ಕೆ ಎಷ್ಟು ಗಂಟೆ ಎಂಬ ಮಾತು ಬಂತೆಂದರೆ ಸಭೆ ಬಿಸಿಯಾಗುತ್ತಿತ್ತು. ಅಂಬೇಡ್ಕರ್ ಬೇಡವೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಗಂಟೆ ಎಂದರೆ ವರ್ಕ್‌ಲೋಡು, ವರ್ಕ್‌ಲೋಡ್ ಎಂದರೆ ಹುದ್ದೆ. ತನ್ನ ವಿಭಾಗದ ಒಂದು ಗಂಟೆ ಹೋದರೆ ಕಿರಿಯ ಸಹೋದ್ಯೋಗಿಯ ಅನ್ನಕ್ಕೇ ಕಲ್ಲು ಬೀಳುತ್ತದೆಂಬ ಭಯ ಎಲ್ಲರಿಗೂ ಇತ್ತು. ಸಾಮಾನ್ಯ ಪೇಪರಿನ ಪರವಾಗಿ ಹಾಗೆ ಹೊಡೆದಾಡಲು ಯಾವ ವಿಭಾಗವೂ ಇರಲಿಲ್ಲ. ಕಡೆಗೆ ಅದು ಟೈಮ್‌ಟೇಬಲ್ಲಿನಲ್ಲಿ ಶನಿವಾರದ ಕೊನೆಯ ಪೀರಿಯಡ್ಡಿಗೆ ಹೋಗಿ ಬೀಳುತ್ತಿತ್ತು.

ಪರಿಸರ ಅಧ್ಯಯನದ ಕಥೆ ಇನ್ನೊಂದು ಬಗೆ. ಅದನ್ನು ಕಡ್ಡಾಯ ಮಾಡಬೇಕೆಂದು ಸುಪ್ರೀಂ ಕೋರ್ಟು 1991ರಲ್ಲೇ ಹೇಳಿತ್ತು. ಯುಜಿಸಿ ಆಮೇಲೆ ಎಲ್ಲ ಪದವಿಗಳಿಗೂ ಸಿದ್ಧಪಡಿಸಿದ ಪಠ್ಯದಲ್ಲಿ 50 ಉಪನ್ಯಾಸಗಳಿದ್ದವು, ಅದರಲ್ಲಿ 5 ಹೊರಗಿನ ಓಡಾಟಕ್ಕೆ ಮೀಸಲು. ಬಿ.ಕಾಂ. ಹುಡುಗರನ್ನು ಊರಾಚೆಯ ಕೆರೆಗೆ ಕರೆದೊಯ್ದೆ. ಕೋಡಿಯ ಹತ್ತಿರ ಸೋಪಿನ ನೊರೆ, ಏರಿಯ ಮೇಲೆ ಕೋಳಿ ಪುಕ್ಕದ ಮೂಟೆಗಳು, ಮೂಗು ಬಿಡಲಾಗದ ವಾಸನೆ. ತೂಬು ಎಲ್ಲಿದೆ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಅಲ್ಲೇ ದನ ಮೇಯಿಸುತ್ತಿದ್ದ ಅಜ್ಜ ಬಂದು ತೋರಿಸಿ, ನೀರು ಬಿಡುತ್ತಿದ್ದ ನೀರಗಂಟಿಯ ಕೆಲಸವನ್ನೂ ವಿವರಿಸಿದ. ಪಾಠ ಅಲ್ಲಿಗೆ ನಡೆದಂತಾಯಿತು.

2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ನಮ್ಮ ರಾಜ್ಯದ ಪದವಿ ತರಗತಿಗೆ ಕಾಲಿಟ್ಟಿತು. ನಾಲ್ಕು ವರ್ಷದ ಪದವಿ, ಓಪನ್ ಎಲೆಕ್ಟಿವ್, ಡಿಜಿಟಲ್ ಫ್ಲುಯೆನ್ಸಿ ಎಲ್ಲ ಬಂದವು. 2024ರಲ್ಲಿ ಸರ್ಕಾರ ಮೂರು ವರ್ಷದ ಪದವಿಗೇ ಮರಳಿತು. ಪಠ್ಯ ಬದಲಾಗುತ್ತಲೇ ಇರುತ್ತದೆ, ಬದಲಾಗಬೇಕು ಕೂಡ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಕಲಿಸದಿದ್ದುದು ದೊಡ್ಡ ಗುಣವೇನಲ್ಲ. ಕಾಮರ್ಸ್ ಹುಡುಗಿ ನಾಟಕವನ್ನೋ ಸಸ್ಯಶಾಸ್ತ್ರವನ್ನೋ ಆರಿಸಿಕೊಳ್ಳುವ ಅವಕಾಶ ನನಗೆ ಬಹಳ ಹಿಡಿಸಿತ್ತು. ಆದರೆ ಎಷ್ಟೋ ಕಡೆ ಯಾವ ಮೇಷ್ಟರು ಬಿಡುವಾಗಿದ್ದಾರೋ ಅವರ ವಿಷಯವೇ ಮಕ್ಕಳ ‘ಆಯ್ಕೆ’ ಆಗುತ್ತಿತ್ತು.

ಈಗ ಸಮಿತಿಗಳಲ್ಲಿ ಕೂತಿರುವ ಹಳೆಯ ಶಿಷ್ಯರು ಆಗಾಗ ಫೋನ್ ಮಾಡಿ, ಸಾಮಾನ್ಯ ಪೇಪರಿಗೆ ಏನು ಸೇರಿಸೋಣ ಸಾರ್ ಎಂದು ಕೇಳುತ್ತಾರೆ. ವಿಷಯಗಳ ಪಟ್ಟಿಗೆ ಮೊದಲು ಅದಕ್ಕೊಬ್ಬ ಕಾಯಂ ಅಧ್ಯಾಪಕನನ್ನೂ ಬೆಳಗಿನ ಹೊತ್ತಿನ ಒಂದು ಪೀರಿಯಡ್ಡನ್ನೂ ಬರೆಸಿಕೊಳ್ಳಿ ಎನ್ನುತ್ತೇನೆ.